ತಳಿ ಸುಧಾರಣೆ ಗೋದಲಿಯಿಂದ

ಹಾಲಿಗಾಗಿ ಸಾಕುವ ಹಸುವಿನಲ್ಲಾಗಲಿ, ಮಾಂಸಕ್ಕಾಗಿ ಸಾಕುವ ಮೇಕೆಯಲ್ಲಾಗಲಿ, ಇಳುವರಿ ನಿಂತಿರುವುದು ಎರಡು ಆಧಾರಗಳ ಮೇಲೆ. ಒಂದು, ಅದು ಹುಟ್ಟಿನಿಂದ ಪಡೆದುಕೊಂಡು ಬಂದ ತಳಿಗುಣ. ಇನ್ನೊಂದು, ಅದರ ಮುಂದೆ ದಿನವೂ ಬೀಳುವ ಮೇವು. ತಳಿಯೆಂದರೆ ಪಶುವೈದ್ಯರ ಕೆಲಸ, ಮೇವೆಂದರೆ ಮನೆಯ ಹೆಂಗಸರ ಕೆಲಸ ಎಂದು ಅನೇಕ ಊರುಗಳಲ್ಲಿ ಇವೆರಡನ್ನೂ ಪಾಲು ಮಾಡಿಕೊಂಡದ್ದುಂಟು. ಇಂದಿನ ಭಾಷಣದ ಪ್ರತಿಪಾದನೆ ಇಷ್ಟೆ: ಮೇವನ್ನು ಮರೆತು ತಳಿಯನ್ನು ಸುಧಾರಿಸಲಾಗದು. ಕರ್ನಾಟಕದ ಹಸುಗಳ ವಿಷಯದಲ್ಲಿ ತಳಿ ಮುಂದೆ ಓಡಿ ಮೇವು ಹಿಂದೆ ಉಳಿದಿದೆ. ಮೇಕೆಗಳ ವಿಷಯದಲ್ಲಾದರೋ ತಳಿಯ ಕಡೆಗೆ ಕಣ್ಣು ಹಾಯಿಸಿದವರೇ ವಿರಳ.

ಮೊದಲಿಗೆ ಅನುವಂಶೀಯತೆ ಎಂಬ ಪಾರಿಭಾಷಿಕ ಪದವನ್ನು ತಿಳಿದುಕೊಳ್ಳಬೇಕು. ಒಂದು ಹಿಂಡಿನ ಹಸುಗಳಲ್ಲಿ ಒಂದು 8 ಲೀಟರ್, ಇನ್ನೊಂದು 12 ಲೀಟರ್ ಕರೆಯುತ್ತಿದ್ದರೆ, ಆ ವ್ಯತ್ಯಾಸದಲ್ಲಿ ತಂದೆತಾಯಿಗಳಿಂದ ಬಂದು ಮುಂದಿನ ಪೀಳಿಗೆಗೂ ದಾಟಬಲ್ಲ ಪಾಲು ಎಷ್ಟು ಎಂಬುದರ ಅಳತೆಯೇ ಅನುವಂಶೀಯತೆ. ಹಾಲಿನ ಇಳುವರಿಯಲ್ಲಿ ಇದು ಸ್ಥೂಲವಾಗಿ ಕಾಲು ಭಾಗ. ಉಳಿದ ಮುಕ್ಕಾಲು ಭಾಗದ ಬಹುಪಾಲು ಮೇವು, ನೀರು, ಆರೋಗ್ಯ ಮತ್ತು ಆರೈಕೆಗೆ ಸೇರಿದ್ದು. ಹಾಗೆಂದು ತಳಿಯನ್ನು ಅಲಕ್ಷಿಸುವಂತಿಲ್ಲ. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಟಿ ಹಸುವಿಗೆ ಎಷ್ಟೇ ಹಿಂಡಿ ಬೂಸಾ ಸುರಿದರೂ ಅದು 20 ಲೀಟರ್ ಕೊಡುವುದಿಲ್ಲ. 20 ಲೀಟರಿನ ಸಾಮರ್ಥ್ಯವುಳ್ಳ ಹಸುವಿಗೆ ಬರಿಯ ಒಣಹುಲ್ಲು ಹಾಕಿದರೆ ಅದು ನಾಲ್ಕೈದು ಲೀಟರಿಗೆ ಇಳಿಯುವುದಲ್ಲದೆ ಮುಂದಿನ ಬೆದೆಯನ್ನೂ ಕಳೆದುಕೊಳ್ಳುತ್ತದೆ. ತಳಿ ಮಿತಿಯನ್ನು ಗೊತ್ತುಮಾಡುತ್ತದೆ, ಆ ಮಿತಿಯನ್ನು ಮುಟ್ಟಿಸುವುದು ಮೇವು.

ಈ ಸಂಬಂಧವನ್ನು ಕನ್ನಡ ನಾಡಿನ ಹಳೆಯ ಆಡಳಿತಗಾರರು ಚೆನ್ನಾಗಿ ಅರಿತಿದ್ದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಕರೆದನು. ಸೈನ್ಯದ ಸಾಮಾನು ಸಾಗಿಸಲು, ಫಿರಂಗಿ ಎಳೆಯಲು ಬೇಕಾದ ಚುರುಕಿನ, ದೂರ ನಡೆಯಬಲ್ಲ ಎತ್ತುಗಳು ಆ ಹಿಂಡುಗಳಿಂದ ಬಂದವು. ಇಲ್ಲಿ ಗಮನಿಸಬೇಕಾದದ್ದು ಎತ್ತಿನ ಓಟಕ್ಕಿಂತ ಹೆಚ್ಚಾಗಿ ಅದರ ಹಿಂದಿದ್ದ ಹುಲ್ಲುಗಾವಲಿನ ವ್ಯವಸ್ಥೆ. ಇಂದಿನ ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಹರಡಿದ್ದ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಹಿಂಡುಗಳನ್ನು ಋತುಮಾನಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ತಳಿಯನ್ನು ಕಟ್ಟಿದ ರಾಜ್ಯವೇ ಅದರ ಹುಲ್ಲನ್ನೂ ಕಾದಿಟ್ಟಿತ್ತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಆ ಪರಂಪರೆಯ ಹಿಂಡು ಇಂದಿಗೂ ಉಳಿದಿದೆ. ಕಾವಲುಗಳು ಮಾತ್ರ ಹಿಂದಿನಷ್ಟು ಉಳಿದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಂದು ದೊಡ್ಡ ಹೆಜ್ಜೆ ಮೈಸೂರಿನಲ್ಲೇ ಬಿತ್ತು. 1939ರಲ್ಲಿ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಮಾಡಿದ ಕೃತಕ ಗರ್ಭಧಾರಣೆ ಭಾರತದಲ್ಲೇ ಮೊದಲನೆಯದು. ಮುಂದೆ ಬೆಂಗಳೂರಿನ ಬಳಿಯ ಹೆಸರಘಟ್ಟ ಘನೀಕೃತ ವೀರ್ಯದ, ಅಂದರೆ ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಕಾಪಾಡಿದ ವೀರ್ಯದ, ದೊಡ್ಡ ಕೇಂದ್ರವಾಯಿತು. ಹೋರಿ ಊರಿಗೆ ಬರುವುದು ತಪ್ಪಿತು. ಅದರ ವೀರ್ಯ ದ್ರವ ಸಾರಜನಕದ ಪಾತ್ರೆಯಲ್ಲಿ, ಸೊನ್ನೆಗಿಂತ ಸುಮಾರು 196 ಡಿಗ್ರಿ ಕೆಳಗಿನ ಚಳಿಯಲ್ಲಿ, ಬೈಕಿನ ಹಿಂದೆ ಕೂತು ಮನೆ ಬಾಗಿಲಿಗೆ ಬಂದಿತು. ಆದರೆ ಇದೇ ಹೊತ್ತಿನಲ್ಲಿ ಊರ ಗೋಮಾಳಗಳು ಕರಗುತ್ತಿದ್ದವು. ಸುಧಾರಿತ ತಳಿ ಮನೆಗೆ ಬಂದಷ್ಟು ಸುಲಭವಾಗಿ ಹಸಿಮೇವು ಬರಲಿಲ್ಲ. ಇಂದಿನ ಬಹಳಷ್ಟು ಕಷ್ಟಗಳ ಬೇರು ಇಲ್ಲಿದೆ.

ಇದುವರೆಗೆ ಹೇಳಿದ್ದು ತಳಿ ಮತ್ತು ಮೇವು ಒಂದನ್ನೊಂದು ಹೇಗೆ ಅವಲಂಬಿಸಿವೆ, ಅವು ಹೇಗೆ ಅಗಲಿದವು ಎಂಬುದನ್ನು. ಇನ್ನು ಹಸುವಿನ ತಳಿಯ ಆಯ್ಕೆಗೆ ಬರಬಹುದು.

ಕೃತಕ ಗರ್ಭಧಾರಣೆಯಲ್ಲಿ ಬಳಸುವ ವೀರ್ಯದ ಕಡ್ಡಿಯನ್ನು ಕಂಡ ರೈತರು ಅನೇಕರು, ಓದಿದವರು ಕೆಲವರೇ. ಅರ್ಧ ಗೇಣಿಗಿಂತ ತುಸು ಉದ್ದದ, ಸೈಕಲ್ ಚಕ್ರದ ಕಡ್ಡಿಯಷ್ಟು ಸಣ್ಣಗಿನ ಈ ಪ್ಲಾಸ್ಟಿಕ್ ಕೊಳವೆಯಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ಅದರ ಮೈಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ದಿನಾಂಕ, ಕೇಂದ್ರದ ಗುರುತು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಗರ್ಭಧಾರಣೆ ಮುಗಿದ ಮೇಲೆ ಖಾಲಿ ಕಡ್ಡಿಯನ್ನು ಕೇಳಿ ಪಡೆದು, ಆ ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೂರು ವರ್ಷದ ಮೇಲೆ ಆ ಗರ್ಭಧಾರಣೆಯಿಂದ ಹುಟ್ಟಿದ ಕರು ಕಡಸಾಗಿ ಬೆದೆಗೆ ಬಂದಾಗ, ಅದರ ತಂದೆಯಾದ ಹೋರಿಯ ವೀರ್ಯವೇ ಅದಕ್ಕೆ ಬೀಳದಂತೆ ನೋಡಿಕೊಳ್ಳಲು ಬೇರೆ ದಾರಿಯಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಸಂತಾನ ಬೆಳೆಸುವುದನ್ನು ಒಳಸಂತಾನ ಎನ್ನುತ್ತಾರೆ. ಇದರಿಂದ ಕರುಗಳ ಬೆಳವಣಿಗೆ, ಹಾಲು, ಗಬ್ಬ ನಿಲ್ಲುವ ಶಕ್ತಿ, ರೋಗನಿರೋಧ ಎಲ್ಲವೂ ಕುಗ್ಗುತ್ತವೆ.

ಹೋರಿಯ ಆಯ್ಕೆಯಲ್ಲಿ ಒಂದು ವಿಚಿತ್ರ ತೊಡಕಿದೆ. ಹಾಲಿಗಾಗಿ ಹೋರಿಯನ್ನು ಆರಿಸಬೇಕು, ಆದರೆ ಹೋರಿ ಹಾಲು ಕೊಡುವುದಿಲ್ಲ. ಅದರ ಯೋಗ್ಯತೆಯನ್ನು ಅದರ ತಾಯಿಯ ಇಳುವರಿಯಿಂದ ಅಂದಾಜು ಮಾಡಿ, ಮುಂದೆ ಅದರ ಹೆಣ್ಣುಮಕ್ಕಳು ಬೇರೆ ಬೇರೆ ಕೊಟ್ಟಿಗೆಗಳಲ್ಲಿ ಎಷ್ಟು ಕರೆಯುತ್ತವೆ ಎಂದು ಅಳೆದು ಖಚಿತಪಡಿಸಿಕೊಳ್ಳಬೇಕು. ಈ ವಿಧಾನಕ್ಕೆ ಸಂತತಿ ಪರೀಕ್ಷೆ ಎಂದು ಹೆಸರು. ಫಲಿತಾಂಶ ಬರಲು ಐದಾರು ವರ್ಷ ಬೇಕಾದ್ದರಿಂದಲೂ, ಹಳ್ಳಿಯ ಮನೆಗಳಲ್ಲಿ ಹಾಲಿನ ಲೆಕ್ಕ ಬರೆದಿಡುವವರು ಕಡಿಮೆ ಇರುವುದರಿಂದಲೂ ನಮ್ಮ ದೇಶದಲ್ಲಿ ಈ ಕೆಲಸ ನಿಧಾನವಾಗಿ ಸಾಗಿದೆ. ಜಾತ್ರೆಯಲ್ಲಿ ಕೊಂಬು, ಬಣ್ಣ, ಸುಳಿ ನೋಡಿ ಹೋರಿ ಮೆಚ್ಚುವುದು ಉಳುಮೆಯ ಎತ್ತಿಗೆ ಒಂದು ಮಟ್ಟಿಗೆ ಸರಿ; ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬರುವ ಹಳ್ಳಿಕಾರ್ ಜೋಡಿಯನ್ನು ಅಳೆಯುವ ಹಿರಿಯರ ಕಣ್ಣು ಸಾಮಾನ್ಯವಾಗಿ ತಪ್ಪುವುದಿಲ್ಲ. ಹಾಲಿನ ಗುಣ ಮಾತ್ರ ಸುಳಿಯಲ್ಲಿ ಕಾಣಿಸದು.

ವಿದೇಶಿ ರಕ್ತ ಎಷ್ಟಿರಬೇಕೆಂಬುದು ಮುಂದಿನ ಪ್ರಶ್ನೆ. ನಾಟಿ ಹಸುವಿಗೆ ಶುದ್ಧ ಹೋಲ್‌ಸ್ಟೀನ್ ಅಥವಾ ಜರ್ಸಿ ವೀರ್ಯ ಕೊಡಿಸಿದಾಗ ಹುಟ್ಟುವ ಕರುವಿನಲ್ಲಿ ಅರ್ಧ ವಿದೇಶಿ ರಕ್ತವಿರುತ್ತದೆ. ಅದಕ್ಕೆ ಮತ್ತೆ ಶುದ್ಧ ವೀರ್ಯ ಕೊಡಿಸಿದರೆ ಮುಕ್ಕಾಲು, ಅದರ ಮುಂದೆ ಇನ್ನೂ ಹೆಚ್ಚು. ಮೊದಲ ಮಿಶ್ರ ಪೀಳಿಗೆಯಲ್ಲಿ ಕಂಡ ಹಾಲಿನ ಏರಿಕೆ ಪ್ರತಿ ಮೆಟ್ಟಿಲಿನಲ್ಲೂ ಅಷ್ಟೇ ಸಿಗುತ್ತದೆಂಬ ನಂಬಿಕೆಯಿಂದ ಶೇಕಡಾ 90ರವರೆಗೆ ಏರಿಸಿದವರಿದ್ದಾರೆ. ಅಂಥ ಹಸು ಬಿಸಿಲಿಗೆ ಬಾಯ್ತೆರೆದು ಏದುತ್ತದೆ, ಉಣ್ಣೆಯಿಂದ ಬರುವ ಜ್ವರಗಳಿಗೆ ಬೇಗ ತುತ್ತಾಗುತ್ತದೆ, ಹೆಚ್ಚು ಹಸಿಮೇವು ಬೇಡುತ್ತದೆ. ಆದ್ದರಿಂದ ವಿದೇಶಿ ರಕ್ತವನ್ನು ಅರ್ಧದಿಂದ ಸುಮಾರು ಶೇಕಡಾ 60ರೊಳಗೆ ಹಿಡಿದು ನಿಲ್ಲಿಸುವುದು ತಜ್ಞರು ಒಪ್ಪಿದ ಮಾತು. ಹಾಗೆ ನಿಲ್ಲಿಸಲು ಮಿಶ್ರತಳಿ ಹಸುವಿಗೆ ಮಿಶ್ರತಳಿ ಹೋರಿಯದೇ ವೀರ್ಯವನ್ನು ಕೇಳಿ ಕೊಡಿಸಬೇಕು. ನೀರಾವರಿಯಿದ್ದು ಹಸಿಮೇವು ಹೇರಳವಾಗಿರುವಲ್ಲಿ ಹೋಲ್‌ಸ್ಟೀನ್ ಮಿಶ್ರತಳಿ, ಮೇವಿನ ಅನುಕೂಲ ಕಡಿಮೆಯಿರುವಲ್ಲಿ ಗಾತ್ರದಲ್ಲಿ ಚಿಕ್ಕದಾದ ಜರ್ಸಿ ಮಿಶ್ರತಳಿ ಹೊಂದುತ್ತವೆ. ಬೀದರ್ ಕಡೆಯ ದೇವಣಿ, ಉತ್ತರದ ಖಿಲಾರಿ, ಘಟ್ಟದ ಮಲೆನಾಡು ಗಿಡ್ಡ ಇವುಗಳ ಸ್ವಂತ ನೆಲೆಗಳಲ್ಲಿ ಅದೇ ತಳಿಯ ಒಳ್ಳೆಯ ಹೋರಿಯಿಂದ ಸಂತಾನ ಬೆಳೆಸುವುದು ಜಾಣತನ. ಮಳೆಗೆ ಜಾರುವ ಗುಡ್ಡ ಹತ್ತಿ ತಾನೇ ಮೇದು ಬರುವ ಮಲೆನಾಡು ಗಿಡ್ಡದ ಜಾಗದಲ್ಲಿ 500 ಕಿಲೋ ತೂಕದ ಹಸುವನ್ನು ಕಟ್ಟಿದರೆ ಅದು ಏನು ತಿಂದೀತು ಎಂಬುದನ್ನು ಕಟ್ಟುವ ಮೊದಲೇ ಯೋಚಿಸಬೇಕಲ್ಲವೆ?

ಹೋರಿಯ ಆಯ್ಕೆ, ದಾಖಲೆ, ರಕ್ತದ ಪ್ರಮಾಣ ಈ ಮೂರನ್ನು ನೋಡಿದ್ದಾಯಿತು. ಆದರೆ ಎಂಥ ಉತ್ತಮ ವೀರ್ಯವಾದರೂ ಹಸು ಬೆದೆಗೆ ಬಂದಾಗಲೇ ಫಲಿಸಬೇಕು. ಬೆದೆ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಮೇವನ್ನೇ ಅವಲಂಬಿಸಿದೆ.

ಹಸುವಿನ ಬೆದೆಚಕ್ರ ಸುಮಾರು 21 ದಿನಗಳದು. ಬೆದೆಯ ಕಾಲ ಒಂದು ಹಗಲನ್ನೋ ಒಂದು ರಾತ್ರಿಯನ್ನೋ ಮೀರುವುದು ಕಡಿಮೆ. ಕೂಗುವುದು, ಮೇವು ಬಿಡುವುದು, ಹಾಲು ಇಳಿಸುವುದು, ಮತ್ತೊಂದು ರಾಸು ಮೈಮೇಲೆ ಹತ್ತಿದರೆ ಅಲುಗದೆ ನಿಲ್ಲುವುದು, ಗಾಜಿನಂತೆ ತಿಳಿಯಾದ ಲೋಳೆ ಬಾಲಕ್ಕೂ ತೊಡೆಗೂ ಅಂಟಿರುವುದು ಇದರ ಲಕ್ಷಣಗಳು. ಬೆಳಿಗ್ಗೆ ಬೆದೆ ಕಂಡರೆ ಅಂದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸುವುದು ಪದ್ಧತಿ. ಕೆಲವು ಹಸುಗಳು ಕೂಗುವುದೇ ಇಲ್ಲ. ಇದನ್ನು ಮೂಕ ಬೆದೆ ಎನ್ನುತ್ತಾರೆ. ಅಂಥವನ್ನು ಮುಂಜಾವಿನಲ್ಲೂ ರಾತ್ರಿ ಮಲಗುವ ಮುಂಚೆಯೂ ಒಮ್ಮೆ ಹೋಗಿ, ಬಾಲ ಎತ್ತಿ ನೋಡಬೇಕು.

ಕರು ಹಾಕಿದ ಮೇಲಿನ ಮೊದಲ ಮೂರು ತಿಂಗಳು ಹಸುವಿನ ವರ್ಷದಲ್ಲಿ ಅತ್ಯಂತ ಸೂಕ್ಷ್ಮವಾದ ಕಾಲ. ಹಾಲು ಆರರಿಂದ ಎಂಟನೆಯ ವಾರದ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಹಸಿವು ತನ್ನ ಪೂರ್ಣ ಪ್ರಮಾಣಕ್ಕೆ ಬರುವುದು ಅದಾದ ಮೂರು ನಾಲ್ಕು ವಾರಗಳ ಮೇಲೆ. ನಡುವಿನ ಅವಧಿಯಲ್ಲಿ ಹಸು ತಾನು ತಿಂದದ್ದಕ್ಕಿಂತ ಹೆಚ್ಚನ್ನು ಹಾಲಾಗಿ ಕೊಡುತ್ತದೆ, ಆ ಕೊರತೆಯನ್ನು ತನ್ನ ಮೈಯ ಕೊಬ್ಬನ್ನು ಕರಗಿಸಿ ತುಂಬಿಕೊಳ್ಳುತ್ತದೆ. ಪಕ್ಕೆಲುಬು ಎದ್ದು ಕಾಣುತ್ತದೆ, ಬಾಲದ ಬುಡದಲ್ಲಿ ಗುಣಿ ಬೀಳುತ್ತದೆ. ಈ ಸ್ಥಿತಿ ಮಿತಿಮೀರಿದರೆ ಶರೀರ ತನ್ನ ರಕ್ಷಣೆಗಾಗಿ ಬೆದೆಯನ್ನು ಮುಂದೂಡುತ್ತದೆ. ಕರು ಹಾಕಿ ಎರಡು ಮೂರು ತಿಂಗಳೊಳಗೆ ಗಬ್ಬ ನಿಲ್ಲಬೇಕಾದ ಹಸು ಆರು ತಿಂಗಳಾದರೂ ನಿಲ್ಲದು. ಎಷ್ಟು ಸಲ ಕೊಡಿಸಿದರೂ ನಿಲ್ಲುತ್ತಿಲ್ಲವೆಂಬ ದೂರು ವೀರ್ಯದ ಮೇಲೆ ಬೀಳುತ್ತದೆ. ಹಲವು ಸಲ ತಪ್ಪು ಗೋದಲಿಯಲ್ಲಿರುತ್ತದೆ. ಗಬ್ಬದ ಕೊನೆಯ ಎರಡು ತಿಂಗಳು ಹಾಲು ಬತ್ತಿಸಿ, ಕೊನೆಯ ಎರಡು ಮೂರು ವಾರಗಳಲ್ಲಿ ಪಶು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಬಂದರೆ ಕರು ಹಾಕಿದ ಮೇಲಿನ ಈ ಕುಸಿತ ಬಹಳಷ್ಟು ತಪ್ಪುತ್ತದೆ. ಹಾಲು ಕೊಡದ ಹಸುವಿಗೆ ಹಿಂಡಿ ಏಕೆಂದು ಕೈ ಬಿಗಿ ಹಿಡಿಯುವವರೇ ಹೆಚ್ಚು.

ಅಂದರೆ ಬೆದೆ, ಗಬ್ಬ, ಹಾಲು ಮೂರೂ ಮೇವಿನ ನಿಯಮಕ್ಕೆ ಒಳಪಟ್ಟಿವೆ ಎಂಬುದು ಸ್ಪಷ್ಟವಾಯಿತು. ಹಾಗಾದರೆ ಏನನ್ನು, ಎಷ್ಟು ಹಾಕಬೇಕು?

ಹಸು, ಮೇಕೆ, ಕುರಿ, ಎಮ್ಮೆಗಳು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ರೂಮೆನ್ ಎಂಬ ಮೊದಲ ಕೋಣೆ ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳು ಮನುಷ್ಯನಿಗೆ ಜೀರ್ಣವಾಗದ ನಾರನ್ನು ಮುರಿದು ಶಕ್ತಿಯಾಗಿಸುತ್ತವೆ. ಆದ್ದರಿಂದ ಮೇವು ಹಾಕುವವರು ವಾಸ್ತವವಾಗಿ ಉಣಿಸುವುದು ಮೊದಲು ಈ ಜೀವಿಗಳಿಗೆ. ಅವುಗಳಿಗೆ ದಿಢೀರ್ ಬದಲಾವಣೆ ಆಗದು. ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಹಾಳಾಗಬಾರದೆಂದು ಒಂದೇ ಸಲಕ್ಕೆ ಹಸುವಿನ ಮುಂದೆ ಸುರಿದಾಗ, ಪಿಷ್ಟ ಬೇಗನೆ ಹುಳಿತು ರೂಮೆನ್ ಆಮ್ಲದಿಂದ ತುಂಬಿ, ಹಸು ಒಂದೆರಡು ದಿನದಲ್ಲೇ ಸಾಯುವುದುಂಟು. ಅನ್ನದಾನದ ಪುಣ್ಯ ಆ ಹಸುವಿಗೆ ಬೇಕಿರಲಿಲ್ಲ.

ಸುಮಾರು 400 ಕಿಲೋ ತೂಗುವ, ದಿನಕ್ಕೆ 10 ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ ಸ್ಥೂಲವಾಗಿ 20ರಿಂದ 25 ಕಿಲೋ ಹಸಿಮೇವು, ಐದಾರು ಕಿಲೋ ಒಣಹುಲ್ಲು ಬೇಕು. ಇದರ ಮೇಲೆ ಮೈ ನಿರ್ವಹಣೆಗೆ ಒಂದರಿಂದ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಸಮತೋಲನ ಪಶು ಆಹಾರ ಸೇರಬೇಕು. ಲವಣ ಮಿಶ್ರಣ, ಅಂದರೆ ಸುಣ್ಣದಂಶ, ರಂಜಕ, ಸತು, ತಾಮ್ರ ಮೊದಲಾದವು ಬೆರೆತ ಪುಡಿ, ದಿನಕ್ಕೆ 50 ಗ್ರಾಂ ಸಾಕು. ನೀರು ಯಾವಾಗಲೂ ಮುಂದಿರಬೇಕು. ಹಸಿಮೇವಿನಲ್ಲಿ ಮುಸುಕಿನ ಜೋಳ, ಹೈಬ್ರಿಡ್ ನೇಪಿಯರ್‌ನಂಥ ಹುಲ್ಲಿನ ಜಾತಿಯ ಎರಡು ಪಾಲಿಗೆ ಅಲಸಂದೆ, ಕುದುರೆ ಮೆಂತೆಯಂಥ ದ್ವಿದಳದ ಒಂದು ಪಾಲು ಬೆರೆಸಿದರೆ ಸಸಾರಜನಕದ ಪೂರೈಕೆ ಆಗುವುದರಿಂದ ಹಿಂಡಿಯ ಖರ್ಚು ಇಳಿಯುತ್ತದೆ.

ಮಳೆಯಾಶ್ರಿತ ಪ್ರದೇಶದ ನಿಜವಾದ ಮೇವು ಒಣಹುಲ್ಲೇ. ದಕ್ಷಿಣದಲ್ಲಿ ರಾಗಿ ಹುಲ್ಲು, ಉತ್ತರದಲ್ಲಿ ಜೋಳದ ಕಣಿಕೆ, ನೀರಾವರಿಯಲ್ಲಿ ಭತ್ತದ ಹುಲ್ಲು. ಇವುಗಳಲ್ಲಿ ಭತ್ತದ ಹುಲ್ಲು ಸತ್ವದಲ್ಲಿ ಕಡಿಮೆ. ಅದರ ಆಕ್ಸಲೇಟ್ ಎಂಬ ಅಂಶ ಸುಣ್ಣದಂಶವನ್ನು ಹಿಡಿದಿಟ್ಟು ಮೈಗೆ ಸೇರಗೊಡದು. ರಾಗಿಯ ತಳಿಯನ್ನು ಆರಿಸುವಾಗ ಹಳೆ ಮೈಸೂರಿನ ರೈತರು ಕಾಳಿನಷ್ಟೇ ಹುಲ್ಲಿನ ಉದ್ದವನ್ನೂ ನೋಡುವುದಕ್ಕೆ, ವಿಜಯಪುರದ ಕಡೆ ಮಾಲದಂಡಿ ಜೋಳ ಇಂದಿಗೂ ಹೊಲ ಬಿಡದಿರುವುದಕ್ಕೆ ಕಾರಣ ಕೊಟ್ಟಿಗೆಯಲ್ಲಿದೆ. ಗಿಡ್ಡ ತಳಿಗಳನ್ನು ಹಂಚಿ, ರೈತ ಒಪ್ಪಲಿಲ್ಲವೆಂದು ಬೇಸರಪಟ್ಟವರು ಈ ಲೆಕ್ಕವನ್ನು ಬಿಟ್ಟಿದ್ದರು.

ಒಣಹುಲ್ಲಿನ ಸತ್ವ ಹೆಚ್ಚಿಸಲು ಯೂರಿಯಾ ಉಪಚಾರವೆಂಬ ಅಗ್ಗದ ವಿಧಾನವಿದೆ. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, ಸುಮಾರು 50 ಲೀಟರ್ ನೀರು. ಯೂರಿಯಾ ಒಂದು ಹರಳೂ ಉಳಿಯದಂತೆ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ಈ ನೀರನ್ನು ಸಮನಾಗಿ ಚಿಮುಕಿಸಿ, ಕಾಲಿನಿಂದ ತುಳಿದು ಗಾಳಿ ಹೊರಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮೆತ್ತಬೇಕು. ಮೂರು ವಾರದ ಮೇಲೆ ತೆರೆದಾಗ ಹುಲ್ಲು ಮೆತ್ತಗಾಗಿ ಕಂದು ಹಳದಿಗೆ ತಿರುಗಿರುತ್ತದೆ, ಮೂಗಿಗೆ ಅಮೋನಿಯಾದ ಘಾಟು ಬಡಿಯುತ್ತದೆ. ಬೇಕಾದಷ್ಟನ್ನು ಹಿರಿದು, ಘಾಟು ಹೋಗುವವರೆಗೆ ನೆರಳಲ್ಲಿ ಹರಡಿ, ಬಳಿಕ ಹಾಕಬೇಕು. ಮೊದಮೊದಲು ರಾಸು ಮೂಸಿ ಬಿಡುತ್ತದೆ; ಸಾದಾ ಹುಲ್ಲಿನ ಜೊತೆ ಬೆರೆಸಿದರೆ ವಾರದಲ್ಲಿ ರೂಢಿಯಾಗುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ನೀರು ಕುಡಿದರೆ ಯಾವ ರಾಸಾದರೂ ಸಾಯುತ್ತದೆಂಬುದನ್ನು ಮರೆಯದೆ, ಕಲಸಿದ ಬಕೆಟ್ಟನ್ನು ಕೊಟ್ಟಿಗೆಯಿಂದ ದೂರ ಇಡಬೇಕು.

ಕರುವಿನ ವಿಷಯ ಇಲ್ಲೇ ಹೇಳಿ ಮುಗಿಸಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆ ಸೇರಬೇಕು. ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಭಾಗದಷ್ಟು. ಮಾಸು ಬೀಳುವ ತನಕ ಕುಡಿಸಬಾರದೆಂಬ ರೂಢಿ ಕರುವಿಗೆ ಮಾರಕ, ಏಕೆಂದರೆ ಗಿಣ್ಣಿನ ರೋಗನಿರೋಧಕ ಅಂಶಗಳನ್ನು ಹೀರುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಂದುತ್ತ ಒಂದು ದಿನದಲ್ಲಿ ನಿಂತುಹೋಗುತ್ತದೆ.

ಹಸುವಿನಲ್ಲಿ ತಳಿ ಮುಂದೆ, ಮೇವು ಹಿಂದೆ ಎಂಬುದು ಇದುವರೆಗಿನ ಮಾತಾಯಿತು. ಮೇಕೆಯ ಕಥೆ ಇದಕ್ಕೆ ತದ್ವಿರುದ್ಧ.

ಬಡವರ ಮನೆಯ ಮೇಕೆ ಬೇಲಿ, ಬಯಲು, ಕುರುಚಲು ಕಾಡಿನಿಂದ ತನ್ನ ಹೊಟ್ಟೆ ತಾನೇ ನೋಡಿಕೊಳ್ಳುತ್ತದೆ. ಆದರೆ ಅದರ ಸಂತಾನ ಯಾವ ಹೋತದಿಂದ ಆಗುತ್ತಿದೆ ಎಂದು ಕೇಳುವವರಿಲ್ಲ. ಇಲ್ಲೊಂದು ಮೌನವಾದ ನಷ್ಟ ತಲೆತಲಾಂತರದಿಂದ ನಡೆದಿದೆ. ಹಿಂಡಿನಲ್ಲಿ ಎಲ್ಲಕ್ಕಿಂತ ಬೇಗ ಬೆಳೆದ ಗಂಡುಮರಿಗೆ ಹಬ್ಬದಲ್ಲೋ ಜಾತ್ರೆಯಲ್ಲೋ ಒಳ್ಳೆಯ ಬೆಲೆ ಬರುತ್ತದೆ. ಅದು ಬೀಜಕ್ಕೆ ಬರುವ ಮೊದಲೇ ಮಾರಾಟವಾಗುತ್ತದೆ. ಗಿರಾಕಿ ಬೇಡವೆಂದ, ಬಡಕಲಾದ ಮರಿ ಹಿಂಡಿನಲ್ಲೇ ಉಳಿದು ಮುಂದಿನ ಪೀಳಿಗೆಗೆ ತಂದೆಯಾಗುತ್ತದೆ. ಹಾಗೆ ವರ್ಷವರ್ಷವೂ ಉತ್ತಮವಾದದ್ದು ಕಸಾಯಿಖಾನೆಗೂ ಕನಿಷ್ಠವಾದದ್ದು ಸಂತಾನಕ್ಕೂ ಹೋಗುತ್ತಿದ್ದರೆ ಹಿಂಡು ಹೇಗೆ ಸುಧಾರಿಸೀತು? ದುಬಾರಿ ಬೆಲೆ ಕೊಟ್ಟು ಆಫ್ರಿಕಾ ಮೂಲದ ಬೋಯರ್ ಹೋತವನ್ನು ತರುವ ಮುಂಚೆ ಈ ತಲೆಕೆಳಗಾದ ಆಯ್ಕೆಯನ್ನು ನಿಲ್ಲಿಸುವುದು ಅಗ್ಗವೂ ಹೌದು, ಖಚಿತವೂ ಹೌದು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬಿಳಿಯ ನಂದಿದುರ್ಗ, ಬೀದರಿನ ಕಪ್ಪು ಬಿದರಿ ಮೇಕೆಗಳಂಥ ಸ್ಥಳೀಯ ತಳಿಗಳಲ್ಲೇ ಆರಿಸಿಕೊಳ್ಳುವಷ್ಟು ವೈವಿಧ್ಯ ಇದೆ.

ಆಯ್ಕೆಗೆ ಬೇಕಾದ ಉಪಕರಣ ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಗೋಣಿಚೀಲದ ಜೋಲಿ. ಮರಿಯನ್ನು ಜೋಲಿಯಲ್ಲಿ ಕೂರಿಸಿ, ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ತೂಗಿ ಬರೆಯಬೇಕು. ತೂಕದಲ್ಲಿ ಮುಂದಿರುವ, ಅವಳಿಯಾಗಿ ಹುಟ್ಟಿದ, ತಾಯಿ ಎರಡೂ ಮರಿಗಳನ್ನು ಸಾಕಿ ಉಳಿಸಿದ ಗಂಡುಮರಿಯನ್ನು ಬೀಜಕ್ಕೆ ಉಳಿಸಿ, ಮಿಕ್ಕವನ್ನು ಮಾರಬೇಕು. 25ರಿಂದ 30 ಹೆಣ್ಣುಗಳಿಗೆ ಒಂದು ಹೋತ ಸಾಕು. ಗಂಡುಮರಿಗಳು ನಾಲ್ಕೈದು ತಿಂಗಳಿಗೇ ಹೆಣ್ಣಿನ ಬೆನ್ನು ಹತ್ತುವುದರಿಂದ ಅದಕ್ಕೂ ಮೊದಲೇ ಅವನ್ನು ಬೇರೆ ಕಟ್ಟಬೇಕು, ಇಲ್ಲವೆ ಬೀಜ ಒಡೆಸಬೇಕು. ಒಂದು ಹೋತವನ್ನು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅದೇ ಹಿಂಡಿನಲ್ಲಿ ಇಟ್ಟರೆ ಅದು ತನ್ನ ಮಗಳನ್ನೇ ಕೂಡುತ್ತದೆ. ಪಕ್ಕದೂರಿನವರೊಡನೆ ಹೋತ ಬದಲಾಯಿಸಿಕೊಂಡರೆ ಕಾಸು ಖರ್ಚಿಲ್ಲದೆ ಎರಡು ಹಿಂಡುಗಳಿಗೂ ಹೊಸ ರಕ್ತ ಬರುತ್ತದೆ.

ಮೇಕೆಯ ಮೇವಿನ ಬಗ್ಗೆ ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅರ್ಧ ನಿಜ. ಅದು ಎಲ್ಲವನ್ನೂ ಮುಟ್ಟಿ ನೋಡುತ್ತದೆ, ಆದರೆ ತನ್ನದೇ ಕಾಲು ತುಳಿದ, ಹಿಕ್ಕೆ ಬಿದ್ದ ಸೊಪ್ಪನ್ನು ತಿನ್ನದು. ಆದ್ದರಿಂದ ಕಟ್ಟಿ ಮೇಯಿಸುವವರು ಸೊಪ್ಪನ್ನು ನೆಲಕ್ಕೆ ಹಾಕದೆ, ಅದರ ತಲೆಯ ಎತ್ತರಕ್ಕೆ ಕಂತೆ ಕಟ್ಟಿ ತೂಗುಹಾಕಬೇಕು. ಅಗಸೆ, ಗ್ಲಿರಿಸಿಡಿಯಾ, ಹಲಸು, ಸುಬಾಬುಲ್ ಒಳ್ಳೆಯ ಸೊಪ್ಪುಗಳು. ಸುಬಾಬುಲ್‌ನಲ್ಲಿ ಕೂದಲು ಉದುರಿಸುವ ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಅದು ಒಟ್ಟು ಮೇವಿನ ಮೂರನೆಯ ಒಂದು ಭಾಗವನ್ನು ಮೀರಬಾರದು.

ಹೋತ ಬಿಡುವ ಮೊದಲಿನ ಎರಡು ಮೂರು ವಾರ ಹೆಣ್ಣುಮೇಕೆಗೆ ದಿನಕ್ಕೆ ಕಾಲು ಕಿಲೋದಷ್ಟು ಜೋಳದ ನುಚ್ಚು, ಬೂಸಾ, ಹಿಂಡಿ ಬೆರೆಸಿ ಕೊಟ್ಟರೆ ಹೆಚ್ಚು ಅಂಡಾಣುಗಳು ಬಿಡುಗಡೆಯಾಗಿ ಅವಳಿ ಮರಿಗಳ ಸಾಧ್ಯತೆ ಏರುತ್ತದೆ. ಮುಂಗಾರಿನ ಚಿಗುರು ಇದೇ ಕೆಲಸವನ್ನು ಬಿಟ್ಟಿಯಾಗಿ ಮಾಡಿಕೊಡುತ್ತದೆ. ಮೇಕೆಯ ಗಬ್ಬದ ಅವಧಿ ಐದು ತಿಂಗಳು. ಆಷಾಢದಲ್ಲಿ ಹೋತ ಬಿಟ್ಟರೆ ಮಾರ್ಗಶಿರದಲ್ಲಿ ಮರಿ ಬೀಳುತ್ತದೆ. ಆಗ ಹೊಲದಲ್ಲಿ ಹುರುಳಿ, ಅವರೆ, ತೊಗರಿಯ ಹಸಿರು ಇನ್ನೂ ಇರುವುದರಿಂದ ತಾಯಿಯ ಕೆಚ್ಚಲು ತುಂಬುತ್ತದೆ, ಮರಿ ಬೇಸಿಗೆಯ ಹೊತ್ತಿಗೆ ತಾನೇ ಸೊಪ್ಪು ಮೇಯುವಷ್ಟು ಬಲಿತಿರುತ್ತದೆ. ವರ್ಷವಿಡೀ ಹೋತವನ್ನು ಹಿಂಡಿನಲ್ಲೇ ಬಿಟ್ಟುಕೊಂಡವರ ಮನೆಯಲ್ಲಿ ಫಾಲ್ಗುಣ, ಚೈತ್ರದ ಬಿಸಿಲಿನಲ್ಲಿ, ಬೇಲಿಯೂ ಒಣಗಿದ ಹೊತ್ತಿನಲ್ಲಿ ಮರಿಗಳು ಹುಟ್ಟುತ್ತವೆ. ಮರಿಗಳ ಸಾವು ಹೆಚ್ಚುವುದೂ ಆಗಲೇ. ಚಳಿಗೆ ಮರಿ ನಡುಗುತ್ತದೆಂದು ಮಾರ್ಗಶಿರಕ್ಕೆ ಹೆದರುವವರು ಮರಿಗಳು ಮಲಗುವ ಅಟ್ಟಣಿಗೆಯ ಮೇಲೆ ಒಣಹುಲ್ಲು ಹರಡಿ, ಗಾಳಿ ಬೀಸುವ ಕಡೆಗೆ ಗೋಣಿ ಇಳಿಬಿಟ್ಟರೆ ಸಾಕು.